ಗೆಡ್ಡೆ ಗೆಣಸು ತಿಂತಾರೆ ಅಂತ ಬರೆಯೋಕೆ ಮುಂಚೆ

ಕೆಲವು ವರ್ಷದ ಹಿಂದೆ ಸೋಲಿಗರ ಬಗ್ಗೆ ಆನ್‌ಲೈನಲ್ಲಿ ಒಂದು ಪರಿಚಯ ಲೇಖನ ಬರ್ದಿದ್ದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಅಷ್ಟೊತ್ತಿಗೆ ಎರಡು ಸಲ ಹೋಗಿದ್ದೆ ಅಷ್ಟೇ, ಎರಡು ಸಲವೂ ದೇವಸ್ಥಾನ ನೋಡ್ಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದಿದ್ದೆ, ಆದ್ರೂ ಬರೆಯೋ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಲೈಬ್ರರೀಲಿ ಸಿಕ್ಕ ಒಂದೆರಡು ಹಳೇ ಪುಸ್ತಕ, ನೆಟ್ಟಲ್ಲಿ ಸಿಕ್ಕ ನಾಲ್ಕು ಪ್ಯಾರಾ, ಯಾರೋ ಹೇಳಿದ ಒಂದು ಮಾತು, ಎಲ್ಲಾ ಕಲಸಿ "ಇವರು ದಟ್ಟ ಕಾಡಿನಲ್ಲಿ ವಾಸಿಸುತ್ತಾರೆ, ಜೇನು ಕೀಳುತ್ತಾರೆ, ಗೆಡ್ಡೆ ಗೆಣೆಸು ತಿನ್ನುತ್ತಾರೆ" ಅಂತ ಗಂಭೀರವಾಗಿ ಟೈಪ್ ಮಾಡಿ ಹಾಕ್ದೆ. ಲೈಕು ಬಂತು, ಶೇರೂ ಆಯ್ತು. ಹತ್ತು ಹನ್ನೆರಡು ದಿನ ಆದ್ಮೇಲೆ ಒಂದು ಮೆಸೇಜ್ ಬಂತು, ಚಾಮರಾಜನಗರದ ಕಡೆಯ ಹುಡುಗನದ್ದು: "ಸಾರ್ ನಾನು ಸೋಲಿಗ. ಬಿ.ಎಡ್ ಮಾಡಿವ್ನಿ. ಬೆಳಿಗ್ಗೆ ಉಪ್ಪಿಟ್ಟು ತಿಂದೆ. ಗೆಣ್ಸು ತಿನ್ನೋದು ಸಂಕ್ರಾಂತೀಲಿ, ನೀವೂ ಅವತ್ತೇ ತಿಂತೀರ ಅಲ್ವ? ಆಮೇಲೆ ಅದು ಗೆಣೆಸು ಅಲ್ಲ ಸಾರ್, ಗೆಣಸು."

ನಗು ಬಂತು, ನಾಚಿಕೇನೂ ಆಯ್ತು. ಆದ್ರೆ ಮೆಸೇಜಿನ ಕೊನೇಲಿ ಇನ್ನೊಂದು ಸಾಲಿತ್ತು. "ನಮ್ಮ ಒಂದು ಜಾಗದ ಗುರುತು ಬರ್ದಿದೀರ. ಅದನ್ನ ತೆಗ್ದುಬಿಡಿ. ಯಾಕೆ ಅಂತ ಕೇಳ್ಬೇಡಿ."

ಮೊದಲನೇ ದೂರು ಸುಲಭ, ತಪ್ಪಿತ್ತು ತಿದ್ದಿದೆ. ಎರಡನೇದು ತಲೇಲಿ ಕೂತ್ಬಿಡ್ತು. ಯಾಕಂದ್ರೆ ಆ ಸಾಲಲ್ಲಿ ತಪ್ಪು ಏನೂ ಇರಲಿಲ್ಲ. ಸರಿಯಾದ ಮಾಹಿತೀನೇ, ನಿಜಾನೇ. ನಿಜ ಬರೆದ್ರೆ ಏನು ತೊಂದ್ರೆ, ಜ್ಞಾನ ಅಂದ್ರೆ ಹಂಚಿದಷ್ಟೂ ಬೆಳೆಯೋದಲ್ವ ಅಂತ ಶಾಲೇಲಿ ಕಲ್ತವರು ನಾವು. ಅಲ್ಲಿಂದ ಓದ್ತಾ ಹೋದೆ, ಅವರಿವರನ್ನ ಕೇಳ್ತಾ ಹೋದೆ, ಆಗ ತಿಳಿದಿದ್ದನ್ನ ಇಲ್ಲಿ ಬರೀತಿದೀನಿ. ವಿಷಯ ನೋಡೋಕೆ ಸಿಂಪಲ್ಲು, ಆದಿವಾಸಿ ಸಮುದಾಯಗಳ ಬಗ್ಗೆ ಎಲ್ಲರೂ ಓದೋ ಜಾಗದಲ್ಲಿ ಬರೆಯುವಾಗ ಮರ್ಯಾದೆಯಾಗಿ ಬರೆಯೋದು ಹೇಗೆ ಅನ್ನೋದು, ಆದ್ರೆ ಒಳಗೆ ಇಳಿದ್ರೆ ಕಾನೂನು, ದುಡ್ಡು, ಹಳೇ ಬ್ರಿಟಿಷರ ಪುಸ್ತಕ, ಔಷಧಿ ಕಂಪನಿ ಎಲ್ಲಾ ಸಿಗುತ್ತೆ.

ಮೊದಲು ಗೆಣಸಿನ ವಿಷಯ. ನಾನು ಬರೆದ ವಾಕ್ಯ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋದ್ರೆ ಅದು ನಿಲ್ಲೋದು ನೂರು ವರ್ಷಕ್ಕಿಂತ ಹಳೇ ಪುಸ್ತಕಗಳಲ್ಲಿ. ದಕ್ಷಿಣ ಭಾರತದ ಬುಡಕಟ್ಟುಗಳ ಬಗ್ಗೆ ಏನೇ ಹುಡುಕಿ, ಎಡ್ಗರ್ ಥರ್ಸ್ಟನ್ ಹೆಸರು ಬಂದೇ ಬರುತ್ತೆ. ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದೋನು, ಕೆ. ರಂಗಾಚಾರಿ ಜೊತೆ ಸೇರಿ 1909ರಲ್ಲಿ ಏಳು ಸಂಪುಟ ತಂದ. ಮನುಷ್ಯರ ತಲೆ, ಮೂಗು ಇವನ್ನೆಲ್ಲ ಅಳತೆ ಕಡ್ಡಿ ಹಿಡಿದು ಅಳೀತಿದ್ದ, ಮೂಗಿನ ಅಗಲದಿಂದ ಜಾತಿಯ ಮೇಲು ಕೀಳು ಹೇಳಬಹುದು ಅಂತ ನಂಬಿದ್ದ ಕಾಲದವನು. ಆ ಸಂಪುಟಗಳಲ್ಲಿ ಬೆಲೆಬಾಳೋ ವಿವರಗಳೂ ಇವೆ, ಅದನ್ನ ಇಲ್ಲ ಅನ್ನೋಕಾಗಲ್ಲ. ಆದ್ರೆ ಅದು ಆಳೋರು ಆಳಿಸಿಕೊಳ್ಳೋರ ಬಗ್ಗೆ ಬರೆದ ಪುಸ್ತಕ. ಅದೇ ಆಡಳಿತ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ತಂದು ಕೆಲವು ಸಮುದಾಯಗಳನ್ನ ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿತ್ತು, ಆ ಪಟ್ಟಿಯಿಂದ ಬಿಡುಗಡೆ ಸಿಕ್ಕಿದ್ದು ಸ್ವಾತಂತ್ರ್ಯ ಬಂದಮೇಲೆ 1952ರಲ್ಲಿ. ಪಟ್ಟಿ ಹೋಯ್ತು, ವಾಕ್ಯಗಳು ಹೋಗಲಿಲ್ಲ. ಆ ಕಾಲದ ಗೆಜೆಟಿಯರಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಗೈಡಿಗೆ, ಅಲ್ಲಿಂದ ನನ್ನಂಥೋರ ಲೇಖನಕ್ಕೆ ಕೈ ಬದಲಾಯಿಸ್ತಾ ಬಂದ್ವು.

ಇಲ್ಲೊಂದು ತಮಾಷೆ ಏನಂದ್ರೆ ಹಳೇ ಪುಸ್ತಕಗಳಿಗೆ ಕಾಪಿರೈಟ್ ಮುಗಿದಿರುತ್ತೆ. ಹಾಗಾಗಿ ಯಾರು ಬೇಕಾದ್ರೂ ಎತ್ತಿಕೊಂಡು ಹಾಕಬಹುದು, ಕೇಳೋರಿಲ್ಲ. ಮೊನ್ನೆ ಮೊನ್ನೆ ಸಮುದಾಯದವರೇ ಕೂತು ಮಾಡಿದ ಅಧ್ಯಯನ ಇದ್ರೆ ಅದಕ್ಕೆ ದುಡ್ಡು ಕೊಡಬೇಕು ಅಥವಾ ಯಾವುದೋ ಯೂನಿವರ್ಸಿಟಿ ಲೈಬ್ರರಿಗೆ ಹೋಗಬೇಕು. ಹೀಗಾಗಿ ನೆಟ್ಟಲ್ಲಿ ಅತಿ ಸುಲಭವಾಗಿ ಸಿಗೋದು ಅತಿ ಹಳೇ, ಅತಿ ಕೆಟ್ಟ ಮಾಹಿತಿ, ಅದೂ ವರ್ತಮಾನ ಕಾಲದಲ್ಲಿ. "ತಿನ್ನುತ್ತಾರೆ", "ಉಡುತ್ತಾರೆ", "ನಂಬುತ್ತಾರೆ". 1909ರ ಊಟ ಇವತ್ತಿನ ತಟ್ಟೇಲಿ. ನಮ್ಮ ಮುತ್ತಾತಂದಿರ ಕಾಲದ್ದನ್ನ ನಮ್ಮ ಬಗ್ಗೆ ಯಾರಾದ್ರೂ ಹೀಗೆ ಬರೆದ್ರೆ, "ಬೆಂಗಳೂರಿನವರು ಎತ್ತಿನ ಗಾಡೀಲಿ ಓಡಾಡುತ್ತಾರೆ, ಪ್ಲೇಗ್ ಬಂದರೆ ಊರ ಹೊರಗೆ ಗುಡಿಸಲು ಹಾಕುತ್ತಾರೆ" ಅಂತ ಬರೆದ್ರೆ, ನಗ್ತೀವಿ ತಾನೆ.

ಕಾಲ ತಪ್ಪಿದ್ರೆ ಬರೀ ನಗು ಬರಲ್ಲ, ಅನ್ನಕ್ಕೂ ಕುತ್ತು ಬರುತ್ತೆ. ದಕ್ಷಿಣ ಆಫ್ರಿಕಾದ ಕಲಹಾರಿ ಕಡೆ ಸ್ಯಾನ್ ಅನ್ನೋ ಜನ ಇದಾರೆ, ಹೂಡಿಯಾ ಅನ್ನೋ ಮುಳ್ಳುಗಳ್ಳಿ ತರದ ಗಿಡವನ್ನ ಅಗೀತಾ ಹಸಿವು ಬಾಯಾರಿಕೆ ತಡ್ಕೊಂಡು ಬೇಟೆಗೆ ಹೋಗೋದು ಅವರಿಗೆ ತಲೆತಲಾಂತರದಿಂದ ಗೊತ್ತಿರೋ ವಿಷಯ. ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ತೊಂಬತ್ತರ ದಶಕದಲ್ಲಿ ಆ ಗಿಡದೊಳಗಿನ ಹಸಿವು ಕಟ್ಟೋ ಅಂಶಕ್ಕೆ ಪೇಟೆಂಟ್ ಮಾಡಿಸ್ತು, ತೂಕ ಇಳಿಸೋ ಔಷಧಿಗೆ ಅಂತ ವಿದೇಶಿ ಕಂಪನಿಗೆ ಲೈಸೆನ್ಸೂ ಕೊಡ್ತು, ಆಮೇಲೆ ವಿಷಯ ಪೇಪರಿಗೆ ಬಂದಾಗ ಆ ಕಂಪನಿ ಕಡೆಯವರು ಹೇಳಿದ್ದು ಆ ಜನ ಈಗ ಇಲ್ಲ ಅಂದ್ಕೊಂಡಿದ್ವಿ ಅನ್ನೋ ಅರ್ಥದ ಮಾತು. ಜನ ಇದ್ರು, ಸಾವಿರ ಸಾವಿರ ಇದ್ರು. ಗಲಾಟೆ ಆಗಿ 2003ರಲ್ಲಿ ಲಾಭ ಹಂಚಿಕೆಯ ಒಪ್ಪಂದ ಆಯ್ತು. "ಒಂದು ಕಾಲದಲ್ಲಿ ಇದ್ದರು" ಅಂತ ಯಾರೋ ಸಲೀಸಾಗಿ ಬರೆದ ವಾಕ್ಯಕ್ಕೆ ಇನ್ನೊಬ್ಬರು ಎಷ್ಟು ಬೆಲೆ ಕೊಡಬೇಕಾಗುತ್ತೆ ನೋಡಿ.

ಹೆಸರಿನ ಕಥೇನೂ ಹೀಗೇ. ಅಂಡಮಾನಿನ ಜಾರವಾ ಅಂತ ನಾವು ಕರೆಯೋರು ತಮ್ಮನ್ನ ತಾವು ಹಾಗೆ ಕರ್ಕೊಳಲ್ಲ, ಅವರಿಗೆ ಅವರು "ಆಂಗ್". ಜಾರವಾ ಅನ್ನೋದು ಪಕ್ಕದ ಇನ್ನೊಂದು ಗುಂಪು ಇಟ್ಟ ಹೆಸರು, ಪರಕೀಯ ಅನ್ನೋ ಅರ್ಥದ್ದು. ಎಲ್ಲಾ ಕಡೆ ಹೆಸರು ಬದಲಾಯಿಸ್ಬಿಡಿ ಅಂತ ನಾನು ಹೇಳ್ತಿಲ್ಲ, ಓದೋರಿಗೆ ಗುರುತು ಸಿಗಬೇಕು, ಆದ್ರೆ ಅವರು ತಮ್ಮನ್ನ ಏನಂತಾರೆ ಅನ್ನೋದು ಮೊದಲ ಸಾಲಲ್ಲೇ ಬರಲಿ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಒಂದಿದೆ, ಒಳ್ಳೆ ಉದ್ದೇಶ ಇಟ್ಕೊಂಡು ಬರೆಯೋರೂ ಮಾಡೋದು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಕೊರಗರನ್ನ ತಗೊಳ್ಳಿ. ಅಜಲು ಅಂತ ಒಂದು ಪದ್ಧತಿ ಇತ್ತು. ಮೇಲ್ಜಾತಿಯವರ ಮನೇಲಿ ಕಾಯಿಲೆ ಕಸಾಲೆ ಆದ್ರೆ ಅದು ಇವರಿಗೆ ದಾಟಿ ಹೋಗಲಿ ಅಂತ ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸೋದು, ಕಂಬಳಕ್ಕೆ ಮುಂಚೆ ಕೋಣದ ತರ ಅವರನ್ನ ಗದ್ದೇಲಿ ಓಡಿಸೋದು. ಕರ್ನಾಟಕ ಸರ್ಕಾರ ಇದನ್ನ ನಿಷೇಧ ಮಾಡೋ ಕಾಯ್ದೆ ತಂದಿದ್ದು 2000ದಲ್ಲಿ. ಈಗ ನಾನು "ಕೊರಗರ ಸಂಪ್ರದಾಯಗಳು" ಅಂತ ತಲೆಬರಹ ಹಾಕಿ ಅದರ ಕೆಳಗೆ ಡೋಲು, ಬುಟ್ಟಿ ಹೆಣೆಯೋದು, ಅಜಲು ಅಂತ ಸಾಲಾಗಿ ಬರೆದ್ರೆ ಏನಾಯ್ತು? ಪ್ರತಿ ಪದವೂ ನಿಜ, ಒಟ್ಟು ಸುಳ್ಳು. ಅಜಲು ಕೊರಗರ ಸಂಪ್ರದಾಯ ಅಲ್ಲ, ಕೊರಗರ ಮೇಲೆ ಬೇರೆಯವರು ನಡೆಸಿದ್ದು. ಅದನ್ನ ಬರೀಬೇಕು, ಬಿಡಬಾರದು, ಆದ್ರೆ ಮಾಡಿದೋರ ತಲೆಬರಹದ ಕೆಳಗೆ ಬರೀಬೇಕು. ಸಂಸ್ಕೃತಿ ಅಂತ ನಾವು ಖುಷಿಯಿಂದ ಪಟ್ಟಿ ಮಾಡೋದ್ರಲ್ಲಿ ಎಷ್ಟು ಅವರ ಆಯ್ಕೆ, ಎಷ್ಟು ಅವರ ಮೇಲೆ ಹೇರಿದ್ದು, ಅದನ್ನ ಬೇರೆ ಮಾಡದೇ ಹೋದ್ರೆ ನಮ್ಮ ಲೇಖನಾನೂ ಒಂದು ತರ ಅಜಲೇ.

ಸರಿ, ಇಷ್ಟೊತ್ತು ಹೇಳಿದ್ದು ತಪ್ಪು ಮಾಹಿತಿಯ ವಿಷಯ. ಆ ಹುಡುಗನ ಎರಡನೇ ಸಾಲು, ಸರಿಯಾದ ಮಾಹಿತೀನೂ ಬರೀಬಾರದು ಅನ್ನೋದು, ಅದಕ್ಕೆ ಬರ್ತೀನಿ. ಇದು ಅರ್ಥ ಆಗೋಕೆ ಕೇರಳದ ಕಾಣಿ ಜನರ ಕಥೆ ಗೊತ್ತಿರಬೇಕು.

ತಿರುವನಂತಪುರದಿಂದ ಆಚೆ ಅಗಸ್ತ್ಯಮಲೆ ಕಾಡಲ್ಲಿ ಕಾಣಿಗಳಿದಾರೆ. 1987ರಲ್ಲಿ ಪಿ. ಪುಷ್ಪಾಂಗದನ್ ಅನ್ನೋ ಸಸ್ಯವಿಜ್ಞಾನಿಯ ತಂಡ ಗಿಡಮೂಲಿಕೆ ಸರ್ವೆಗೆ ಅಂತ ಬೆಟ್ಟ ಹತ್ತುತ್ತಾ ಇತ್ತು, ದಾರಿ ತೋರಿಸೋಕೆ ಕಾಣಿ ಹುಡುಗರು ಜೊತೆಗಿದ್ರು. ಪಟ್ಟಣದವರಿಗೆ ಏದುಸಿರು, ಇವರು ಆರಾಮಾಗಿ ನಡೀತಾ ಮಧ್ಯೆ ಮಧ್ಯೆ ಯಾವುದೋ ಕಾಯಿ ಬಾಯಿಗೆ ಹಾಕ್ಕೋತಿದ್ರು. ಪಟ್ಟಣದವರಿಗೂ ಕೊಟ್ರು, ತಿಂದ್ಮೇಲೆ ಸುಸ್ತು ಇಳೀತು. ಇದು ಯಾವ ಗಿಡ ಅಂತ ಕೇಳಿದ್ರೆ ಹೇಳೋಕೆ ಮೊದಲು ಒಪ್ಪಲಿಲ್ಲ, ಹೊರಗಿನವರಿಗೆ ಹೇಳಬಾರದ್ದು ಅಂದ್ರು. ಆಮೇಲೆ ಒತ್ತಾಯ ಮಾಡಿ, ದುರುಪಯೋಗ ಮಾಡಲ್ಲ ಅಂತ ನಂಬಿಸಿದ ಮೇಲೆ ತೋರಿಸಿದ್ರು. ಆರೋಗ್ಯಪಚ್ಚ, ನೆಲಕ್ಕೆ ಹತ್ತಿಕೊಂಡಂಗೆ ಬೆಳೆಯೋ ಸಣ್ಣ ಗಿಡ, ಸಸ್ಯಶಾಸ್ತ್ರದ ಹೆಸರು ಟ್ರೈಕೋಪಸ್ ಝೈಲಾನಿಕಸ್.

ಮುಂದಿನದ್ದು ಒಳ್ಳೇ ಕಥೆ ಅಂತಾನೇ ಜಗತ್ತು ಹೇಳುತ್ತೆ. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಅದರ ಜೊತೆ ಇನ್ನೂ ಮೂರು ಗಿಡ ಸೇರಿಸಿ "ಜೀವನಿ" ಅನ್ನೋ ಔಷಧಿ ಮಾಡಿದ್ರು, 1995ರಲ್ಲಿ ಕೊಯಮತ್ತೂರಿನ ಒಂದು ಆಯುರ್ವೇದ ಕಂಪನಿಗೆ 10 ಲಕ್ಷ ರೂಪಾಯಿಗೆ ಲೈಸೆನ್ಸ್ ಕೊಟ್ರು, ಮಾರಾಟದ ಮೇಲೆ ಶೇಕಡ 2 ರಾಯಲ್ಟಿ, ಬಂದಿದ್ದರಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನ ಮಾಡಿದ್ರು. ಆಗಿನ್ನೂ ಹಾಗೆ ಕೊಡಲೇಬೇಕು ಅನ್ನೋ ಕಾನೂನೇ ನಮ್ಮ ದೇಶದಲ್ಲಿ ಇರಲಿಲ್ಲ, ಜೀವವೈವಿಧ್ಯ ಕಾಯ್ದೆ ಬಂದಿದ್ದೇ 2002ರಲ್ಲಿ. ಅದಕ್ಕೇ ಲಾಭ ಹಂಚಿಕೆ ಅಂದ್ರೆ ಎಲ್ಲಾ ಕಡೆ ಈ ಉದಾಹರಣೇನೇ ಕೊಡೋದು.

ಆದ್ರೆ ಬಿರುಕುಗಳನ್ನ ನೋಡಿ. ದಾರಿ ತೋರಿಸಿದ ಹುಡುಗರು ಒಪ್ಪಿದ್ರು ಸರಿ, ಆದ್ರೆ ಕಾಣಿಗಳ ವೈದ್ಯರು ಅಂದ್ರೆ ಪ್ಲಾತಿಗಳು, ಔಷಧಿ ವಿದ್ಯೆ ಯಾರ ಜವಾಬ್ದಾರಿಯೋ ಅವರು, ಅವರಲ್ಲಿ ಕೆಲವರು ನಮ್ಮ ಜ್ಞಾನವನ್ನ ಪ್ರೈವೇಟ್ ಕಂಪನಿಗೆ ಮಾರ್ತಿದೀರ ಅಂತ ವಿರೋಧ ಮಾಡಿದ್ರು. ಕಾಣಿಗಳು ಒಂದೇ ಊರಲ್ಲಿಲ್ಲ, ಮೂರ್ನಾಲ್ಕು ಕಡೆ ಹರಡಿದಾರೆ, ತಮಿಳುನಾಡಿನ ಕಡೆಗೂ ಇದಾರೆ, ಸಂಸ್ಥೆಯ ಒಡನಾಟ ಇದ್ದಿದ್ದು ಮುಖ್ಯವಾಗಿ ಕುಟ್ಟಿಚ್ಚಲ್ ಪಂಚಾಯ್ತಿ ಕಡೆಯವರ ಜೊತೆ, ಉಳಿದವರಿಗೆ ಸುದ್ದಿ ಮುಟ್ಟೋಷ್ಟರಲ್ಲಿ ಔಷಧಿ ಬಾಟ್ಲೀಲಿತ್ತು. ಹಣ ತಗೊಳೋಕೆ ಒಂದು ಟ್ರಸ್ಟ್ ಬೇಕಿತ್ತು, ಅದು ರಿಜಿಸ್ಟರ್ ಆಗಿದ್ದು 1997ರಲ್ಲಿ, ದುಡ್ಡು ಕೈಗೆ ಬಂದಿದ್ದು 1999ರಲ್ಲಿ. ಇನ್ನು ಗಿಡ ಬೆಳೆದು ಮಾರೋಣ ಅಂದ್ರೆ ಅರಣ್ಯ ಇಲಾಖೆ ತಕರಾರು, ಕಾಡಿನ ಗಿಡ ತೆಗೆಯೋಕೆ ಬಿಡಲ್ಲ ಅಂತ. ತಮ್ಮದೇ ಗಿಡ, ತಮ್ಮದೇ ವಿದ್ಯೆ, ಕಿತ್ರೆ ಕಳ್ಳತನ.

ಇಡೀ ಕಥೇಲಿ ಕೆಟ್ಟವರು ಅಂತ ಯಾರನ್ನ ತೋರಿಸ್ತೀರಿ? ಯಾರೂ ಇಲ್ಲ, ನನ್ನ ಪ್ರಕಾರ. ವಿಜ್ಞಾನಿಗಳು ಪಾಲು ಕೊಟ್ರು, ಕಂಪನಿ ರಾಯಲ್ಟಿ ಕೊಡ್ತು. ಆದ್ರೆ ಬೆಟ್ಟದ ದಾರೀಲಿ ಆ ಒಂದು ಕಾಯಿ ಕೈಯಿಂದ ಕೈಗೆ ಹೋದ ಕ್ಷಣ ಇದ್ಯಲ್ಲ, ಅದಾದ್ಮೇಲೆ ವಾಪಸ್ ದಾರಿ ಇರಲಿಲ್ಲ. ಹೇಳಿದ ಮಾತು ಹೇಳಿದ್ದೇ. ಬರೆಯೋರಿಗೆ ಇದು ಇನ್ನೂ ಜಾಸ್ತಿ ಅನ್ವಯ ಆಗುತ್ತೆ, ಯಾಕಂದ್ರೆ ಕಂಪನಿಗೆ ಒಪ್ಪಂದ ಅಂತಾದ್ರೂ ಒಂದು ಕಾಗದ ಬೇಕು, ನನಗೆ ಮೊಬೈಲ್ ಸಾಕು. ಯಾವುದೋ ಹಾಡೀಲಿ, ಅಂದ್ರೆ ಆದಿವಾಸಿಗಳ ಊರಲ್ಲಿ, ಅಜ್ಜಿ ಒಬ್ಬರು ಪ್ರೀತಿಯಿಂದ ಹೇಳಿದ ಬೇರಿನ ಹೆಸರು, ಯಾವ ಕಾಯಿಲೆಗೆ, ಎಷ್ಟು ಅರೀಬೇಕು, ಎಲ್ಲಿ ಸಿಗುತ್ತೆ, ಫೋಟೋ ಸಮೇತ ಹಾಕಿದ್ರೆ ಮುಗೀತು.

ಹಾಗಂತ ಬರೆಯದೇ ಇದ್ರೆ ಸೇಫಾ ಅಂದ್ರೆ ಅದೂ ಅಲ್ಲ, ಇಲ್ಲೇ ವಿಷಯ ಕಗ್ಗಂಟಾಗೋದು. ಅರಿಶಿನದ ಪೇಟೆಂಟ್ ಗಲಾಟೆ ನೆನಪಿದ್ಯಾ? 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಪೇಟೆಂಟ್ ಕೊಟ್ಟಿದ್ರು, ನಮ್ಮ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ನವರು ಹಳೇ ಗ್ರಂಥಗಳು, ಹಳೇ ಪತ್ರಿಕೆಗಳನ್ನ ತೋರಿಸಿ 1997ರಲ್ಲಿ ರದ್ದು ಮಾಡಿಸಿದ್ರು. ಗೆದ್ದಿದ್ದು ಯಾಕೆ? ಬರೆದಿಟ್ಟ ಸಾಕ್ಷಿ ಇತ್ತು ಅಂತ. ಅದಾದ್ಮೇಲೆ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳನ್ನೆಲ್ಲ ಪೇಟೆಂಟ್ ಆಫೀಸಿನವರು ಓದೋಹಾಗೆ ಡಿಜಿಟಲ್ ಮಾಡಿಟ್ರು. ಆದ್ರೆ ಸೋಲಿಗರ, ಕಾಣಿಗಳ, ಜೇನುಕುರುಬರ ವಿದ್ಯೆ ಗ್ರಂಥದಲ್ಲಿಲ್ಲ, ಬಾಯಲ್ಲಿದೆ. ಬರೆದಿಟ್ರೆ ಕಳ್ಳನಿಗೆ ದಾರಿ ತೋರಿಸಿದಂಗೆ, ಬರೆಯದಿದ್ರೆ ಕೋರ್ಟಲ್ಲಿ ಸಾಕ್ಷಿ ಇಲ್ಲ. ಇದಕ್ಕೆ ಒಂದೇ ಏಟಿಗೆ ಉತ್ತರ ಇಲ್ಲ. ಬರೀಬೇಕಾ ಬೇಡವಾ ಅನ್ನೋ ತೀರ್ಮಾನ ಯಾರದ್ದು ಅನ್ನೋದಕ್ಕೆ ಮಾತ್ರ ಉತ್ತರ ಇದೆ, ನಂದಂತೂ ಅಲ್ಲ.

ಕಾನೂನು ಈ ವಿಷಯದಲ್ಲಿ ವಿಚಿತ್ರವಾಗಿದೆ. ನಾನು ಆದಿವಾಸಿಗಳ ಊರಿಗೆ ಹೋಗಿ ಹಾಡು ರೆಕಾರ್ಡ್ ಮಾಡ್ಕೊಂಡು ಬಂದ್ರೆ, ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗಿನ ಹಕ್ಕು ರೆಕಾರ್ಡ್ ಮಾಡಿಸಿದ ನನ್ನದು. ಫೋಟೋ ತೆಗೆದ್ರೆ ಫೋಟೋ ತೆಗೆದವನದ್ದು. ಹಾಡಿದವರಿಗೆ ಪ್ರದರ್ಶಕರ ಹಕ್ಕು ಅಂತ ಸ್ವಲ್ಪ ಇದೆ, ಆದ್ರೆ ಹಾಡಿಗೇ ಒಡೆಯರು ಯಾರು ಅಂದ್ರೆ, ಬರೆದವರ ಹೆಸರಿಲ್ಲ, ಎಷ್ಟು ತಲೆಮಾರು ಹಳೇದೋ ಗೊತ್ತಿಲ್ಲ, ಹಾಗಾಗಿ ಯಾರದ್ದೂ ಅಲ್ಲ ಅಂದ್ರೆ ಎಲ್ಲರದ್ದು. ಇಡೀ ಕುಲ ಕಾಪಾಡ್ಕೊಂಡು ಬಂದಿದ್ದು ಕಾನೂನಿನ ಕಣ್ಣಿಗೆ ಅನಾಥ, ಮೊಬೈಲಿನ ಬಟನ್ ಒತ್ತಿದವನು ಒಡೆಯ. ಮೇಲಿಂದ ನಾನು ಒಳ್ಳೇ ಮನಸ್ಸಿಂದ ಅದನ್ನ ಎಲ್ಲರೂ ಬಳಸಿಕೊಳ್ಳಲಿ ಅಂತ ಮುಕ್ತ ಲೈಸೆನ್ಸಲ್ಲಿ ಹಾಕಿದ್ರೆ, ಆ ಲೈಸೆನ್ಸು ಒಂದು ಸಲ ಕೊಟ್ರೆ ಹಿಂದಕ್ಕೆ ತಗೊಳೋ ಹಾಗಿಲ್ಲ, ನಾಳೆ ಯಾರಾದ್ರೂ ರೀಮಿಕ್ಸ್ ಮಾಡಿ ರೆಸಾರ್ಟಿನ ಜಾಹೀರಾತಿಗೆ ಹಾಕಿದ್ರೂ ಕೇಳೋಹಾಗಿಲ್ಲ. ನನ್ನದಲ್ಲದ್ದನ್ನ ದಾನ ಮಾಡಿದಂಗೆ ಆಯ್ತು. ಊರವರ ದನ ದಾನ ಮಾಡಿ ನಾನು ಪುಣ್ಯ ಕಟ್ಕೊಂಡೆ.

ಇನ್ನೊಂದು ಕಡೆ ಬೇರೆ ಕಾನೂನು ಬೇರೆ ಮಾತಾಡುತ್ತೆ. 2006ರ ಅರಣ್ಯ ಹಕ್ಕು ಕಾಯ್ದೇಲಿ ಮೂರನೇ ಸೆಕ್ಷನ್ನಲ್ಲಿ, ಜನ ಇದನ್ನ ಗಮನಿಸೋದೇ ಇಲ್ಲ, ಜೀವವೈವಿಧ್ಯ ಮತ್ತು ಸಂಸ್ಕೃತಿಗೆ ಸಂಬಂಧಪಟ್ಟ ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೆ ಬೌದ್ಧಿಕ ಆಸ್ತಿಯ ಹಕ್ಕಿದೆ ಅಂತ ಸ್ಪಷ್ಟವಾಗಿ ಬರೆದಿದೆ. ಎಲ್ಲರೂ ಆ ಕಾಯ್ದೆ ಅಂದ್ರೆ ಜಮೀನಿನ ಪಟ್ಟಾ ಅಂದ್ಕೊಂಡಿದಾರೆ. ಒಬ್ಬ ವ್ಯಕ್ತಿಗಲ್ಲ, ಸಮುದಾಯಕ್ಕೆ ಅನ್ನೋದು ಮುಖ್ಯ.

ಯಾಕೆ ಮುಖ್ಯ ಅಂದ್ರೆ ನಾವೆಲ್ಲ ಪರ್ಮಿಷನ್ ಅಂದ್ರೆ ಎದುರಿಗೆ ಕೂತವರು ಹೂಂ ಅನ್ನೋದು ಅಂದ್ಕೊಂಡಿರ್ತೀವಿ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಇರೋ ಹವಾಸುಪೈ ಜನರಲ್ಲಿ ಸಕ್ಕರೆ ಕಾಯಿಲೆ ವಿಪರೀತ ಇತ್ತು, 1990ರ ಆಸುಪಾಸಲ್ಲಿ ಅರಿಜೋನಾದ ಯೂನಿವರ್ಸಿಟಿಯವರು ಬಂದು ಅದರ ಬಗ್ಗೆ ಸಂಶೋಧನೆಗೆ ಅಂತ ರಕ್ತದ ಸ್ಯಾಂಪಲ್ ತಗೊಂಡ್ರು. ಕೊಟ್ಟವರು ಸಹಿ ಹಾಕಿದ್ರು. ವರ್ಷಗಳಾದ ಮೇಲೆ ಗೊತ್ತಾಗಿದ್ದು, ಅದೇ ರಕ್ತವನ್ನ ಮಾನಸಿಕ ಕಾಯಿಲೆ, ರಕ್ತಸಂಬಂಧದಲ್ಲಿ ಮದುವೆ, ಇವರ ಪೂರ್ವಜರು ಎಲ್ಲಿಂದ ವಲಸೆ ಬಂದ್ರು ಅನ್ನೋ ಅಧ್ಯಯನಗಳಿಗೂ ಬಳಸಿದ್ರು ಅಂತ. ನಾವು ಹುಟ್ಟಿದ್ದೇ ಈ ಕಣಿವೇಲಿ ಅನ್ನೋದು ಅವರ ಮೂಲಕಥೆ, ಅವರ ರಕ್ತದಿಂದಲೇ ಅದು ಸುಳ್ಳು ಅಂತ ಬರೆದಂಗಾಯ್ತು. ಕೋರ್ಟಿಗೆ ಹೋದ್ರು, 2010ರಲ್ಲಿ ರಾಜಿ ಆಯ್ತು, 41 ಜನಕ್ಕೆ ಒಟ್ಟು 7 ಲಕ್ಷ ಡಾಲರ್. ರಕ್ತವನ್ನ ವಾಪಸ್ ಕೊಟ್ರು. ದುಡ್ಡಿಗಿಂತ ಜಾಸ್ತಿ ಅದೇ ಬೇಕಾಗಿತ್ತು ಅಂತ ನನಗನ್ಸುತ್ತೆ. ಒಬ್ಬೊಬ್ಬರ ಸಹಿ ತಗೊಂಡು ಇಡೀ ಜನಾಂಗದ ಬಗ್ಗೆ ಮಾತಾಡೋದು, ಒಂದು ಕೆಲಸಕ್ಕೆ ಅಂತ ತಗೊಂಡು ಇನ್ನೊಂದಕ್ಕೆ ಬಳಸೋದು, ಎರಡನ್ನೂ ನಾವು ಬರಹದಲ್ಲಿ ದಿನಾ ಮಾಡ್ತೀವಿ. ಕಾಲೇಜು ಪ್ರಾಜೆಕ್ಟಿಗೆ ಅಂತ ಮಾತಾಡಿಸಿ ಆಮೇಲೆ ಯೂಟ್ಯೂಬಿಗೆ ಹಾಕಿದವರು ನನಗೇ ಗೊತ್ತಿದಾರೆ.

ಅದೇ ಸ್ಯಾನ್ ಜನ, ಹೂಡಿಯಾದವರು, ಇಂಥದ್ದನ್ನೆಲ್ಲ ನೋಡಿ ನೋಡಿ ಸಾಕಾಗಿ 2017ರಲ್ಲಿ ತಮ್ಮದೇ ನೀತಿಸಂಹಿತೆ ಬರೆದು ಮುಂದಿಟ್ರು. ಅದಕ್ಕೆ ಮುಂಚೆ 2010ರಲ್ಲಿ ಅವರ ನಾಲ್ಕು ಜನರ ಜೀನೋಮ್ ಅಧ್ಯಯನ ದೊಡ್ಡ ಜರ್ನಲಲ್ಲಿ ಬಂದಿತ್ತು, ಅವರ ನಾಯಕರನ್ನ ಕೇಳಿರಲಿಲ್ಲ. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇಂಥ ಸರಳ ಮಾತುಗಳ ಮೇಲೆ ನಿಂತಿರೋ ಸಂಹಿತೆ ಅದು, ಜೊತೆಗೆ ಪ್ರಕಟ ಮಾಡೋಕೆ ಮುಂಚೆ ನಮಗೆ ತೋರಿಸಿ ಅಂತಾನೂ ಇದೆ. ಪತ್ರಕರ್ತರ ತಲೇಲಿ ಇದು ಸೆನ್ಸಾರ್ ಅನ್ಸುತ್ತೆ, ಮಂತ್ರಿಗಳ ವಿಷಯದಲ್ಲಿ ಹೌದು ಕೂಡ. ಆದ್ರೆ ಅಧಿಕಾರದಲ್ಲಿರೋರ ಗುಟ್ಟು ಬೇರೆ, ನೂರು ವರ್ಷದಿಂದ ಬರೀ ಬರೆಸಿಕೊಂಡೇ ಬಂದೋರ ಗುಟ್ಟು ಬೇರೆ.

ಗುಟ್ಟು ಅಂದ್ರೆ ಎಲ್ಲಾ ಮುಚ್ಚಿಡೋದು ಅಂತಾನೂ ಅಲ್ಲ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್ ಕಡೆಯ ವಾರುಮುಂಗು ಜನ ತಮ್ಮ ಹಳೇ ಫೋಟೋ, ಧ್ವನಿ ಎಲ್ಲಾ ಇಡೋಕೆ ಒಂದು ಡಿಜಿಟಲ್ ಭಂಡಾರ ಮಾಡಿಸ್ಕೊಂಡ್ರು, ಅದಕ್ಕೆ ಮುಕುರ್ತು ಅಂತ ಹೆಸರು, ಹಿರಿಯರು ಪವಿತ್ರ ವಸ್ತುಗಳನ್ನ ಇಟ್ಟುಕೊಳ್ಳೋ ಚೀಲಕ್ಕೆ ಅವರ ಭಾಷೇಲಿ ಇರೋ ಪದ. ಅದರಲ್ಲಿ ಕೆಲವು ಹೆಂಗಸರು ಮಾತ್ರ ನೋಡೋದು, ಕೆಲವು ಗಂಡಸರು ಮಾತ್ರ, ಕೆಲವು ಒಂದು ಮನೆತನಕ್ಕೆ ಮಾತ್ರ, ತೀರಿಹೋದವರ ಚಿತ್ರ ಬಂದ್ರೆ ಮುಂಚೇನೇ ಎಚ್ಚರಿಕೆ. ನಮಗೆ ಇದೇನು ಹೊಸದಲ್ಲ, ಸುಮ್ನೆ ಮರೆತಿದೀವಿ ಅಷ್ಟೇ. ನಮ್ಮ ಮನೆಗಳಲ್ಲೂ ಗರ್ಭಗುಡಿಗೆ ಎಲ್ಲರೂ ಹೋಗಲ್ಲ, ಮಂತ್ರ ಎಲ್ಲರಿಗೂ ಹೇಳಿಕೊಡಲ್ಲ, ನಾಟಿ ಔಷಧಿ ಕೊಡೋ ತಾತ ಸೊಪ್ಪಿನ ಹೆಸರು ಹೇಳಲ್ಲ. ನಮ್ಮದಾದ್ರೆ ಸಂಪ್ರದಾಯ, ಅವರದಾದ್ರೆ ಮಾಹಿತಿ.

ಈಗ ಬಿಳಿಗಿರಿರಂಗನ ಬೆಟ್ಟಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅಲ್ಲಿ ಇದು ಸರಿಯಾಗಿ ನಡೆದ ಉದಾಹರಣೇನೂ ಇದೆ. 1974ರಲ್ಲಿ ಅದು ವನ್ಯಧಾಮ ಆಯ್ತು, ಸೋಲಿಗರ ಬೇಸಾಯ, ಬೇಟೆ ನಿಂತು ಕಾಡಿನ ಒಳಗಿಂದ ಪೋಡುಗಳಿಗೆ, ಅಂದ್ರೆ ತಮ್ಮ ಸಣ್ಣ ಸಣ್ಣ ಊರುಗಳಿಗೆ, ಬಂದ್ರು. ಬೇಸಿಗೆ ಶುರುವಾಗೋಕೆ ಮುಂಚೆ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡೋ ಪದ್ಧತಿ ಇತ್ತು, ತರಗು ಬೆಂಕಿ ಅಂತಾರೆ, ಅದೂ ನಿಂತುಹೋಯ್ತು. ಈಗ ಕಾಡು ತುಂಬ ಲಾಂಟಾನ ಕಳೆ. ಸೋಲಿಗರು ಹೇಳೋದು ತರಗು ಬೆಂಕಿ ನಿಲ್ಲಿಸಿದ್ದಕ್ಕೇ ಲಾಂಟಾನ ಹಬ್ಬಿದ್ದು, ನೆಲ್ಲಿಮರಕ್ಕೆ ಉಪ್ಪಿಲು ಅನ್ನೋ ಬಂದಳಿಕೆ ಜಾಸ್ತಿ ಆಗಿದ್ದೂ ಅದಕ್ಕೇ ಅಂತ. ಈ ಮಾತು ಪೋಡಿನ ಜಗಲೀಲೇ ಉಳಿದುಹೋಗ್ತಿತ್ತು. ಪರಿಸರದ ಬಗ್ಗೆ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವರು ಸೋಲಿಗರ ಜೊತೆ ಸೇರಿ ಕೆಲಸ ಮಾಡಿದ್ರು, ಅದರಲ್ಲಿ ಸೋಲಿಗರೇ ಆದ ಸಿ. ಮಾದೇಗೌಡರೂ ಇದ್ರು, ಮಾಹಿತಿ ಕೊಟ್ಟ ಆಸಾಮಿ ಅಂತಲ್ಲ, ಅಧ್ಯಯನ ಬರೆದವರಲ್ಲಿ ಒಬ್ಬರಾಗಿ. ಈ ವ್ಯತ್ಯಾಸ ಇದ್ಯಲ್ಲ, ಅದೇ ಅರ್ಧ ಮರ್ಯಾದೆ.

ಇದೇ ತರ ಅವರ ಎಲ್ಲೆಗಳ ನಕ್ಷೇನೂ ಮಾಡಿದ್ರು. ಎಲ್ಲೆ ಅಂದ್ರೆ ಒಂದೊಂದು ಕುಲದ ಕಾಡಿನ ಭಾಗ, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಜಾಗಗಳಿರುತ್ತೆ. 400ಕ್ಕೂ ಹೆಚ್ಚು ಜಾಗಗಳನ್ನ ಹಿರಿಯರ ಜೊತೆ ನಡೆದು ಗುರುತು ಮಾಡಿದ್ರು. 2011ರ ಜನವರೀಲಿ ಅದು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು, ಮತ್ತೆ ಎತ್ತಂಗಡಿ ಭಯ, ಅದೇ ವರ್ಷ ಅಕ್ಟೋಬರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು, ಹುಲಿ ಕಾಡಿನೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ನಮ್ಮ ಕಾಡು ಇದು ಅಂತ ಸರ್ಕಾರಕ್ಕೆ ಹೇಳೋಕೆ ದಾಖಲೆ ಬೇಕೇ ಬೇಕು. ಅಂದ್ರೆ ಜಾಗದ ಗುರುತು ಹಾಕೋದೇ ತಪ್ಪು ಅಂತಲ್ಲ. ಆ ಹುಡುಗ ನನ್ನ ಸಾಲು ತೆಗೀರಿ ಅಂದಿದ್ದು, ಅವರು ಕೂತು ಯಾವುದು ತೋರಿಸಬೇಕು ಯಾವುದು ಬೇಡ ಅಂತ ಮಾತಾಡ್ಕೊಂಡ ವಿಷಯವನ್ನ ನಾನು ಬಸ್ ಸ್ಟ್ಯಾಂಡಲ್ಲಿ ಕೇಳಿಸ್ಕೊಂಡು ಬರೆದಿದ್ದಕ್ಕೆ.

ಆಧಾರದ ವಿಷಯದಲ್ಲೂ ಒಂದು ಅನ್ಯಾಯ ಇದೆ. ಎಲ್ಲರೂ ಸೇರಿ ಬರೆಯೋ ಜಾಗಗಳಲ್ಲಿ ಪ್ರತಿ ಮಾತಿಗೂ ಅಚ್ಚಾದ ಆಧಾರ ಕೊಡಿ ಅಂತಾರೆ, ಒಳ್ಳೇ ನಿಯಮಾನೇ, ಇಲ್ದಿದ್ರೆ ಬಾಯಿಗೆ ಬಂದಿದ್ದು ಬರೀತಾರೆ. ಆದ್ರೆ ಆ ನಿಯಮದ ಪ್ರಕಾರ ಥರ್ಸ್ಟನ್ ಆಧಾರ, ಎಪ್ಪತ್ತು ವರ್ಷ ಕಾಡಲ್ಲೇ ಬದುಕಿದ ಸೋಲಿಗ ಅಜ್ಜ ಆಧಾರ ಅಲ್ಲ. 2011ರಲ್ಲಿ ನಮ್ಮ ಬೆಂಗಳೂರಿನ ಅಚಲ್ ಪ್ರಭಾಲಾ ವಿಕಿಪೀಡಿಯಕ್ಕಾಗಿ ಬಾಯಿಮಾತನ್ನ ರೆಕಾರ್ಡ್ ಮಾಡಿ ಅದನ್ನೇ ಆಧಾರ ಅಂತ ಕೊಡೋ ಪ್ರಯೋಗ ಮಾಡಿದ್ರು, ಮಲಯಾಳಂ, ಹಿಂದಿ, ಮತ್ತೆ ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೇಲಿ. ಜಗಳ ಜೋರಾಗೇ ಆಯ್ತು. ನನಗಂತೂ ಅದು ಸರಿಯಾದ ಪ್ರಶ್ನೆ ಅನ್ಸುತ್ತೆ, ಉತ್ತರ ಇನ್ನೂ ಯಾರ ಕೈಲೂ ಪೂರ್ತಿ ಇಲ್ಲ.

ಹಾಗಾದ್ರೆ ನಾನೀಗ ಏನು ಮಾಡ್ತೀನಿ ಅಂದ್ರೆ, ಹಳೇ ಪುಸ್ತಕದ ಮಾತು ತಗೊಂಡ್ರೆ ವರ್ಷ ಮತ್ತೆ ಬರೆದವರ ಹೆಸರು ವಾಕ್ಯದ ಒಳಗೇ ಹಾಕ್ತೀನಿ, ಭೂತಕಾಲದಲ್ಲಿ. ಔಷಧಿ ಗಿಡದ ವಿಷಯ ಆಗಲೇ ಅಚ್ಚಾಗಿ ಎಲ್ಲರಿಗೂ ಗೊತ್ತಿರೋದಾದ್ರೆ ಬರೀತೀನಿ, ನಾನೇ ಮೊದಲು ಬರೆಯೋದಾದ್ರೆ ಬರೆಯಲ್ಲ, ಕೆಲಸಕ್ಕೆ ಬಾರದ ಹೆಮ್ಮೆ ಅದು. ಮಕ್ಕಳ ಫೋಟೋ, ಪೂಜೆಯ ಫೋಟೋ ಇಲ್ಲ. ಅಂಡಮಾನಿನ ಆ ವಿಡಿಯೋ ನೆನಪಿರಬಹುದು, 2012ರಲ್ಲಿ ಬಂದಿದ್ದು, ತಿನ್ನೋಕೆ ಕೊಟ್ಟು ಜಾರವಾ ಹೆಣ್ಣುಮಕ್ಕಳನ್ನ ಕುಣಿಸಿದ್ದು, ಕ್ಯಾಮೆರಾ ಹಿಡಿದಾಗೆಲ್ಲ ಅದು ತಲೆಗೆ ಬರುತ್ತೆ. ಬರೆದದ್ದನ್ನ ಹಾಕೋಕೆ ಮುಂಚೆ ಆ ಬಿ.ಎಡ್ ಹುಡುಗನಿಗೆ ಕಳಿಸ್ತೀನಿ, ಅವನು ಸಾರ್ ಇದನ್ನ ನಾನೊಬ್ಬನೇ ಹೇಳೋಕಾಗಲ್ಲ, ಪೋಡಲ್ಲಿ ಕೇಳ್ತೀನಿ ಅಂತಾನೆ, ಒಂದೊಂದ್ಸಲ ಎರಡು ತಿಂಗಳು ಉತ್ತರ ಬರಲ್ಲ, ಕಾಯ್ತೀನಿ. ಎರಡು ಲೇಖನ ಹಾಗೇ ಬಿದ್ದಿವೆ, ಬೀಳಲಿ.

ಆ ಜಾಗದ ಸಾಲು ಅವತ್ತೇ ಅಳಿಸಿದ್ದೆ. ಮೊನ್ನೆ ಬೇರೇನೋ ಹುಡುಕ್ತಾ ಇದ್ದಾಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರ ನೋಟ್ಸಿನ ಒಂದು ಪಿಡಿಎಫ್ ಸಿಕ್ತು, ಕರ್ನಾಟಕದ ಬುಡಕಟ್ಟುಗಳು ಅಂತ. ಸೋಲಿಗರ ಕೆಳಗೆ ನನ್ನದೇ ಪ್ಯಾರಾ, ನನ್ನ ಹೆಸರಿಲ್ಲ. ಗೆಡ್ಡೆ ಗೆಣೆಸು ತಿನ್ನುತ್ತಾರೆ ಅಂತಾನೇ ಇತ್ತು. ಅದರ ಕೆಳಗಿನ ಸಾಲಲ್ಲಿ ಆ ಜಾಗದ ಗುರುತು, ದಪ್ಪಕ್ಷರದಲ್ಲಿ.